ಬೆರಳನ್ನಷ್ಟೇ ನಂಬಿದರೆ ಸಾಕೆ?

ಅಮೆರಿಕದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವ ನಾಗರಿಕರ ನಡುವೆ ಒಂದು ಮಾತು ಹೆಚ್ಚುಕಡಿಮೆ ಇತ್ಯರ್ಥವಾದಂತೆ ಚಾಲ್ತಿಯಲ್ಲಿದೆ. ಪಿಸ್ತೂಲಿಗೆ ಬೇರೆ ಸೇಫ್ಟಿ ಬೇಡ, ತೋರುಬೆರಳೇ ಸೇಫ್ಟಿ ಎನ್ನುವುದು ಆ ಮಾತು. ಟ್ರಿಗರ್ ಮೇಲೆ ಬೆರಳಿಡದಿದ್ದರೆ ಗುಂಡು ಹಾರುವುದಿಲ್ಲ. ಹಾರಿತು ಅಂದರೆ ತಪ್ಪು ಬೆರಳಿನದು, ಯಂತ್ರದ್ದಲ್ಲ. ಗುಂಡು ಹಾರದಂತೆ ತಡೆಯಲು ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಪುಟ್ಟ ಲಿವರ್, ಅಂದರೆ ಸೇಫ್ಟಿ, ಇದ್ದರೆ ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಅದನ್ನು ಸರಿಸಲು ಮರೆತು ಸಾಯುತ್ತೀರಿ ಎಂದು ಅಲ್ಲಿನ ಎಷ್ಟೋ ತರಬೇತುದಾರರು ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ. ಹೀಗೆ ಹೇಳುವವರು ಹುಂಬರಲ್ಲ. ಅವರಲ್ಲಿ ಪೊಲೀಸ್ ಇಲಾಖೆಯಲ್ಲಿ, ಸೇನೆಯಲ್ಲಿ ವರ್ಷಗಟ್ಟಲೆ ಪಳಗಿದವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ, ಅವರ ತೀರ್ಮಾನಕ್ಕೆ ಮಾತ್ರ ಒಪ್ಪಿಗೆಯಿಲ್ಲ. ದಿನವೂ ಮೈಮೇಲೆ ಇಟ್ಟುಕೊಳ್ಳುವ ಪಿಸ್ತೂಲಿಗೆ, ಅದರಲ್ಲೂ ಸಾಮಾನ್ಯ ನಾಗರಿಕ ಇಟ್ಟುಕೊಳ್ಳುವ ಪಿಸ್ತೂಲಿಗೆ, ಕೈಯಿಂದ ಹಾಕಿ ತೆಗೆಯುವ ಸೇಫ್ಟಿ ಇರಬೇಕು ಎಂದು ನಾನು ನಂಬಿದ್ದೇನೆ.

ಪಿಸ್ತೂಲೇ ಬೇಡ ಎನ್ನಬಾರದೇಕೆ ಎಂದು ಇಲ್ಲಿ ಕೂತು ಓದುವ ಬಹಳಷ್ಟು ಜನ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿನ ವಾಸ್ತವ ಆ ಪ್ರಶ್ನೆಗೆ ಕಾಯುತ್ತ ಕೂತಿಲ್ಲ. 2019ರ ಒಂದು ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ತಿಂಗಳಿಗೆ ಒಮ್ಮೆಯಾದರೂ ಗುಂಡು ತುಂಬಿದ ಕೈಬಂದೂಕು ಧರಿಸಿ ಹೊರಗೆ ಹೋಗುವ ವಯಸ್ಕರು ಸುಮಾರು 1.6 ಕೋಟಿ, ದಿನಂಪ್ರತಿ ಧರಿಸುವವರು ಸುಮಾರು 60 ಲಕ್ಷ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದ ತೀರ್ಪು ಕೊಟ್ಟ ಮೇಲೆ ನ್ಯೂಯಾರ್ಕ್‌ನಂಥ ಬಿಗಿ ರಾಜ್ಯಗಳಿಗೂ ಪಿಸ್ತೂಲು ಧರಿಸುವ ಪರವಾನಗಿ ನಿರಾಕರಿಸುವುದು ಕಷ್ಟವಾಗಿದೆ. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡ. ಡಲ್ಲಾಸ್, ಅಟ್ಲಾಂಟಾಗಳ ಸುತ್ತ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಹಾಗೆ ಪಿಸ್ತೂಲು ಧರಿಸಿದವರ ನಡುವೆಯೇ ಅಂಗಡಿಗೆ ಹೋಗುತ್ತಾರೆ, ಸಿನಿಮಾಕ್ಕೆ ಹೋಗುತ್ತಾರೆ. ಇಷ್ಟು ಜನರ ಸೊಂಟದ ಮೇಲೆ ಇರುವ ಯಂತ್ರ ಎಂಥದಾಗಿರಬೇಕು ಎಂಬುದು ಬಂದೂಕುಪ್ರಿಯರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಈ ಲಿವರ್ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನೋಡಿದರೆ ನನ್ನ ವಾದದ ಅರ್ಧ ತಾನಾಗಿ ತಿಳಿಯುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನ ಹಿಂದಿನ ಮಾದರಿಯಲ್ಲಿ ಹೆಬ್ಬೆರಳಿನ ಸೇಫ್ಟಿ ಇರಲಿಲ್ಲ. ಅದು ಬೇಕು ಎಂದು ಹಟ ಹಿಡಿದದ್ದು ಅಶ್ವದಳ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಗುಂಡು ಹಾರಿಸಲು ಸಿದ್ಧವಾದ ಪಿಸ್ತೂಲು, ಕೆಳಗೆ ಬೆದರಿದ ಕುದುರೆ. ಆ ಸ್ಥಿತಿಯಲ್ಲಿ ಅದೇ ಒಂದು ಕೈಯಿಂದ ಪಿಸ್ತೂಲನ್ನು ಸುಮ್ಮನಾಗಿಸುವ ಉಪಾಯ ಬೇಕಿತ್ತು. ಆ ಲಿವರ್ ಬಂದದ್ದು ಗುಂಡು ಹೊಡೆಯಲಿಕ್ಕಲ್ಲ, ಹೊಡೆಯದೇ ಇರಲಿಕ್ಕೆ.

ಅದೇ ಕಾಲದಲ್ಲಿ ಅಮೆರಿಕದ ಪೊಲೀಸರ ಸೊಂಟದಲ್ಲಿ ಇದ್ದದ್ದು ರಿವಾಲ್ವರ್. ಅದಕ್ಕೆ ಲಿವರ್ ಇರಲಿಲ್ಲ, ಮುಂದೆಯೂ ಬರಲಿಲ್ಲ. ಸೇಫ್ಟಿ ಬೇಡವೆನ್ನುವವರು ಇದನ್ನು ಮುಂದಿಟ್ಟು, ಎಪ್ಪತ್ತು ಎಂಬತ್ತು ವರ್ಷ ಪೊಲೀಸರು ಲಿವರ್ ಇಲ್ಲದೆಯೇ ಬದುಕಲಿಲ್ಲವೇ ಎಂದು ಕೇಳುತ್ತಾರೆ. ಬದುಕಿದರು ನಿಜ. ಆದರೆ ಆ ರಿವಾಲ್ವರಿನ ಟ್ರಿಗರನ್ನು ಎಳೆಯಲು ಸುಮಾರು ಐದು ಕಿಲೋ ಭಾರ ಎತ್ತಿದಷ್ಟು ಬಲ ಬೇಕಿತ್ತು, ಎಳೆಯುವ ದೂರವೂ ಉದ್ದ. ಬೆರಳು ಎಳೆಯುತ್ತ ಹೋದಂತೆ ಹಿಂದಿನ ಕುದುರೆ (ಹ್ಯಾಮರ್) ಏಳುವುದು ಕಣ್ಣಿಗೆ ಕಾಣುತ್ತಿತ್ತು, ಸಿಲಿಂಡರ್ ತಿರುಗುವುದು ಕೈಗೆ ತಿಳಿಯುತ್ತಿತ್ತು. ಲಿವರ್ ಇಲ್ಲದ ಕೊರತೆಯನ್ನು ಆ ಭಾರವೇ ತುಂಬಿಕೊಡುತ್ತಿತ್ತು.

ಲಿವರ್, ಭಾರದ ಟ್ರಿಗರ್ ಎರಡನ್ನೂ ಒಟ್ಟಿಗೆ ತೆಗೆದುಹಾಕಿದ್ದು 1980ರ ದಶಕ. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ತಮ್ಮ ದೇಶದ ಸೇನೆಗಾಗಿ ಮಾಡಿದ ಪಿಸ್ತೂಲು 1982ರಲ್ಲಿ ಆಯ್ಕೆಯಾಯಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಪೊಲೀಸ್ ಇಲಾಖೆಗಳನ್ನು ಅದು ಆಳತೊಡಗಿತು. ಹಗುರ, ಅಗ್ಗ, ಎಂಥ ಕೊಳೆಯಲ್ಲೂ ಕೆಲಸ ಮಾಡುವ ಗಟ್ಟಿ ಯಂತ್ರ. ಅದರೊಳಗೆ ಮೂರು ಸೇಫ್ಟಿಗಳಿವೆ, ಮೂರೂ ತಾವಾಗಿ ಕೆಲಸ ಮಾಡುವಂಥವು. ಪಿಸ್ತೂಲು ನೆಲಕ್ಕೆ ಬಿದ್ದರೆ ಗುಂಡು ಹಾರದಂತೆ ಒಳಗಿನ ಎರಡು ತಡೆಗಳು ನೋಡಿಕೊಳ್ಳುತ್ತವೆ. ಮೂರನೆಯದು ಟ್ರಿಗರ್‌ನ ಮುಖದ ಮೇಲೇ ಇರುವ ಒಂದು ಪುಟ್ಟ ನಾಲಗೆ. ಬೆರಳು ಅದನ್ನು ಒತ್ತಿದರೆ ಮಾತ್ರ ಟ್ರಿಗರ್ ಹಿಂದಕ್ಕೆ ಬರುತ್ತದೆ. ಬರುತ್ತ ಬರುತ್ತ ಮೂರೂ ತಡೆಗಳು ಒಂದಾದ ಮೇಲೊಂದು ಬಿಟ್ಟುಕೊಳ್ಳುತ್ತವೆ. ಬೇಕಾದ ಬಲ ಸುಮಾರು ಎರಡೂವರೆ ಕಿಲೋ. ಬಹಳ ಜಾಣತನದ ವಿನ್ಯಾಸ ಎಂದು ಮನಸಾರೆ ಒಪ್ಪುತ್ತೇನೆ. ಆದರೆ ಆ ನಾಲಗೆಗೆ ತಿಳಿಯುವುದು ತನ್ನನ್ನು ಏನೋ ಒಂದು ಒತ್ತುತ್ತಿದೆ ಎಂಬುದಷ್ಟೇ. ಅದು ಬೆರಳೋ ಬಟ್ಟೆಯೋ, ಒಡೆಯನದೋ ಕಿತ್ತುಕೊಂಡವನದೋ, ಬೇಕೆಂದು ಒತ್ತಿದ್ದೋ ಬೆಚ್ಚಿಬಿದ್ದು ಒತ್ತಿದ್ದೋ ಅದಕ್ಕೆ ಗೊತ್ತಾಗುವುದಿಲ್ಲ.

ಬಟ್ಟೆ ಎಂದದ್ದು ಸುಮ್ಮನೆ ಅಲ್ಲ. ಪಿಸ್ತೂಲು ಧರಿಸುವವನ ಒಂದು ದಿನವನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಹೋಲ್‌ಸ್ಟರ್ ಒಳಗೆ ಪಿಸ್ತೂಲು ಇಳಿಸುತ್ತಾನೆ. ಈಗಿನ ರೂಢಿಯಂತೆ ಹೋಲ್‌ಸ್ಟರ್ ಇರುವುದು ಪ್ಯಾಂಟಿನ ಒಳಗೆ, ಹೊಟ್ಟೆಯ ಮುಂಭಾಗದಲ್ಲಿ. ನಳಿಗೆಯ ಬಾಯಿ ನೇರ ತೊಡೆಸಂದಿಯ ರಕ್ತನಾಳದ ಕಡೆಗೆ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋದರೆ ಬೆಲ್ಟ್ ಸಡಿಲಿಸಬೇಕು, ಪಿಸ್ತೂಲು ಜೋಲುತ್ತದೆ, ತೆಗೆದು ಎಲ್ಲೋ ಇಡಬೇಕು. ಶಾಲೆಯ ಆವರಣಕ್ಕೆ ಒಯ್ಯುವಂತಿಲ್ಲ, ಕಾರಿನಲ್ಲೇ ತೆಗೆದಿಡಬೇಕು. ಹೊರಬಂದ ಮೇಲೆ ಸ್ಟೀರಿಂಗ್ ಹಿಂದಿನ ಇಕ್ಕಟ್ಟಿನಲ್ಲಿ ಮತ್ತೆ ಸೊಂಟಕ್ಕೆ ಸೇರಿಸಬೇಕು. ಚಳಿಗಾಲವಾದರೆ ಮೇಲೆ ಜಾಕೆಟ್, ಜಾಕೆಟ್ಟಿನ ಅಂಚಿನಲ್ಲಿ ಎಳೆದು ಕಟ್ಟುವ ದಾರ, ದಾರದ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಗುಂಡಿ. ಆ ಗುಂಡಿ ಟ್ರಿಗರ್ ಸುತ್ತಲಿನ ಗಾರ್ಡಿನೊಳಗೆ ಸಿಕ್ಕಿಕೊಂಡದ್ದು ತಿಳಿಯದೆ ಪಿಸ್ತೂಲನ್ನು ಕೆಳಕ್ಕೆ ಒತ್ತಿದರೆ ಬೆರಳು ಮಾಡಬೇಕಾದ ಕೆಲಸವನ್ನು ಆ ಗುಂಡಿಯೇ ಮಾಡಿಬಿಡುತ್ತದೆ. ಹಳೆಯದಾಗಿ ಮೆತ್ತಗಾದ ಚರ್ಮದ ಹೋಲ್‌ಸ್ಟರಿನ ಬಾಯಿ ಒಳಕ್ಕೆ ಮಡಚಿಕೊಂಡಾಗಲೂ ಅಷ್ಟೇ. ಶರ್ಟಿನ ಚುಂಗು ಸಿಕ್ಕಿದರೂ ಅಷ್ಟೇ. ಇಂಥ ಕಡೆ ತೋರುಬೆರಳು ಶಿಸ್ತಾಗಿ ಪಕ್ಕದಲ್ಲಿ ಚಾಚಿಕೊಂಡೇ ಇರುತ್ತದೆ. ಬೆರಳು ತಪ್ಪು ಮಾಡಿರುವುದಿಲ್ಲ, ಆದರೂ ಗುಂಡು ತೊಡೆಯೊಳಗಿರುತ್ತದೆ.

ಹೀಗೆ ಧರಿಸುವ, ತೆಗೆಯುವ, ಎತ್ತಿಡುವ ಗಳಿಗೆಗಳು ಒಬ್ಬನ ಬದುಕಿನಲ್ಲಿ ಸಾವಿರಾರು. ಎದುರಾಳಿಯ ಮೇಲೆ ಗುರಿಯಿಡಬೇಕಾದ ಗಳಿಗೆ ಬಹುಪಾಲು ಜನರ ಬದುಕಿನಲ್ಲಿ ಬರುವುದೇ ಇಲ್ಲ. ತರಬೇತಿಯ ಮಾತೆಲ್ಲ ಆ ಒಂದು ಗಳಿಗೆಯ ಸುತ್ತ ಗಿರಕಿ ಹೊಡೆಯುತ್ತದೆ, ಯಂತ್ರದ ಆಯ್ಕೆಯೂ ಅದನ್ನೇ ನೋಡಿಕೊಂಡು ನಡೆಯುತ್ತದೆ. ಉಳಿದ ಸಾವಿರಾರು ಗಳಿಗೆಗಳನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಗುಂಡು ತುಂಬಿ ಗಂಟೆಗಟ್ಟಲೆ ನಡೆದು ಒಮ್ಮೆ ಹೊಡೆಯುವ ಅನುಭವ ನಮ್ಮ ಕೊಡಗು, ಮಲೆನಾಡಿನ ಹಿರಿಯರಿಗೆ ಇತ್ತು. ತೋಟದ ಮನೆಗಳ ಎಷ್ಟೋ ಜೋಡುನಳಿಗೆ ಕೋವಿಗಳಲ್ಲಿ ಹೆಬ್ಬೆರಳಿನ ಕೆಳಗೆ ಸೇಫ್ಟಿ ಇರುತ್ತದೆ. ಹಲವು ಕೋವಿಗಳಲ್ಲಿ ನಳಿಗೆ ಬಗ್ಗಿಸಿದಾಗಲೆಲ್ಲ ಅದು ತಾನಾಗಿ ಬಿದ್ದುಕೊಳ್ಳುತ್ತದೆ. ಕಾಡುಹಂದಿ ಪೊದೆಯಿಂದ ನುಗ್ಗಿದಾಗ ಹೆಬ್ಬೆರಳು ಅದನ್ನು ಮುಂದಕ್ಕೆ ತಳ್ಳಿಯೇ ಕೋವಿ ಭುಜಕ್ಕೇರುತ್ತಿತ್ತು. ಬೇಟೆ ಬೇರೆ, ಆತ್ಮರಕ್ಷಣೆ ಬೇರೆ ಎಂಬುದು ಸರಿ. ಆದರೆ ಭಯದ ಹೊತ್ತಿನಲ್ಲಿ ಹೆಬ್ಬೆರಳು ಕೈಕೊಡುತ್ತದೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಎದುರುವಾದದ ಅತ್ಯಂತ ಗಟ್ಟಿ ಭಾಗಕ್ಕೆ ಈಗ ಬರುತ್ತೇನೆ. ಒತ್ತಡದಲ್ಲಿ ಮನುಷ್ಯನ ಬೆರಳುಗಳು ಮರಗಟ್ಟುತ್ತವೆ, ಸೂಕ್ಷ್ಮ ಚಲನೆ ಸಾಧ್ಯವಾಗುವುದಿಲ್ಲ, ಆದ್ದರಿಂದ ಲಿವರ್ ಸರಿಸುವುದು ತಪ್ಪಿಹೋಗುತ್ತದೆ ಎನ್ನುತ್ತಾರೆ. ಇದರಲ್ಲಿ ನಿಜವಿದೆ. ಅಭ್ಯಾಸವಿಲ್ಲದವನು ಲಿವರ್ ಮರೆಯುತ್ತಾನೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ಮೇಲೆ ಎತ್ತರದಲ್ಲಿರುವ, ಮೇಲಕ್ಕೆ ತಳ್ಳಿದರೆ ಮಾತ್ರ ಬಿಡುಗಡೆಯಾಗುವ ಲಿವರ್‌ಗಳು ನಿಜಕ್ಕೂ ತೊಂದರೆಯವು. ಉಗುರಿನಿಂದ ಕೆದಕಬೇಕಾದಷ್ಟು ಚಿಕ್ಕ ಗುಂಡಿಗಳು ಇನ್ನೂ ಕೆಟ್ಟವು. ನಾನು ಅವನ್ನು ಸಮರ್ಥಿಸುತ್ತಿಲ್ಲ. ಪಿಸ್ತೂಲನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ತಾನಾಗಿ ಬಂದು ಕೂರುವ ಜಾಗದಲ್ಲಿ, ಕೆಳಕ್ಕೆ ಒತ್ತಿದರೆ ಬಿಡುವ, ಅಗಲವಾದ ಲಿವರ್ ಬೇಕು. ಎಡಚರಿಗೆ ಆಚೆ ಬದಿಯಲ್ಲೂ ಇರಬೇಕು. ಹಿಡಿತ ಬಿಗಿ ಮಾಡುವ ಚಲನೆಯೇ ಅದನ್ನು ಬಿಡಿಸುತ್ತದೆ. ಕೈ ಸೊಂಟದಿಂದ ಗುರಿಯತ್ತ ಚಾಚುವ ಹೊತ್ತಿನೊಳಗೆ ಆ ಕೆಲಸ ಮುಗಿದಿರುತ್ತದೆ, ಬೇರೆ ಸಮಯ ಹಿಡಿಯುವುದಿಲ್ಲ. 1976ರಲ್ಲಿ ಸ್ಥಾಪನೆಯಾದ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಜಗತ್ತಿನ ಅತಿ ವೇಗದ ಗುರಿಕಾರರ ಕೈಯಲ್ಲಿರುವುದು ಬಹುಮಟ್ಟಿಗೆ ಬ್ರೌನಿಂಗ್ ವಂಶದ, ಹೆಬ್ಬೆರಳಿನ ಸೇಫ್ಟಿ ಇರುವ ಪಿಸ್ತೂಲುಗಳೇ. ಅವರು ಸುಮಾರು ಒಂದು ಸೆಕೆಂಡಿನಲ್ಲಿ ಪಿಸ್ತೂಲು ತೆಗೆದು, ಸೇಫ್ಟಿ ಬಿಡಿಸಿ ಗುರಿ ಹೊಡೆಯುತ್ತಾರೆ.

ಅವರು ದಿನವೂ ಅಭ್ಯಾಸ ಮಾಡುವವರು, ಸಾಮಾನ್ಯನಿಗೆ ಆ ಪುರುಸೊತ್ತಿಲ್ಲ ಎಂದು ಮರುಮಾತು ಬರುತ್ತದೆ. ಅದನ್ನು ಒಪ್ಪುತ್ತಲೇ ನಾನು ಕೇಳುವುದಿಷ್ಟು: ಹೆಬ್ಬೆರಳಿಗೆ ಒಂದು ಚಲನೆ ಕಲಿಸಲು ಪುರುಸೊತ್ತಿಲ್ಲದವನು, ತೋರುಬೆರಳಿಗೆ ಎಂದೆಂದೂ ತಪ್ಪದ ಶಿಸ್ತು ಕಲಿಸಿಯಾನೆ? ತರಬೇತಿಯಿಲ್ಲ ಎಂಬ ಕಾರಣ ಲಿವರ್ ವಿರುದ್ಧ ನಿಲ್ಲುವುದಾದರೆ, ಲಿವರ್ ಇಲ್ಲದ ಹಗುರ ಟ್ರಿಗರಿನ ವಿರುದ್ಧ ಅದು ಇನ್ನೂ ಗಟ್ಟಿಯಾಗಿ ನಿಲ್ಲಬೇಕು.

ಇದು ಬರೀ ತರ್ಕವಲ್ಲ ಎಂಬುದಕ್ಕೆ ರಾಜಧಾನಿ ವಾಷಿಂಗ್ಟನ್‌ನ ಪೊಲೀಸ್ ಇಲಾಖೆಯ ಕಥೆ ಇದೆ. 1980ರ ದಶಕದ ಕೊನೆಯಲ್ಲಿ ಅವರು ರಿವಾಲ್ವರ್ ಬಿಟ್ಟು ಗ್ಲಾಕ್ ಹಿಡಿದರು. ಮುಂದಿನ ಹತ್ತು ವರ್ಷಗಳಲ್ಲಿ ಕೈತಪ್ಪಿ ಗುಂಡು ಹಾರಿದ ಪ್ರಕರಣಗಳು ನೂರು ದಾಟಿದವು. 'ವಾಷಿಂಗ್ಟನ್ ಪೋಸ್ಟ್' 1998ರಲ್ಲಿ ಇದನ್ನೂ ಒಳಗೊಂಡು ಆ ಇಲಾಖೆಯ ಗುಂಡು ಹಾರಾಟದ ಬಗ್ಗೆ ಬರೆದ ಲೇಖನಮಾಲೆಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಪಿಸ್ತೂಲಿನ ಪರವಾದವರು ಅದು ತರಬೇತಿಯ ವೈಫಲ್ಯ ಎಂದರು. ಸರಿಯೇ. ಸಂಬಳ ಕೊಟ್ಟು, ಮದ್ದುಗುಂಡು ಕೊಟ್ಟು, ಅಭ್ಯಾಸಕ್ಕೆ ಜಾಗ ಕೊಟ್ಟು ಸಾಕುವ ಪೊಲೀಸ್ ಪಡೆಯಲ್ಲೇ ತರಬೇತಿ ಜಾರಿಹೋಗುತ್ತದೆ ಎಂದರೆ, ಯಾವ ತರಗತಿಗೂ ಹೋಗದೆ ಶನಿವಾರ ಅಂಗಡಿಯಿಂದ ಕೊಂಡು ಭಾನುವಾರ ಸೊಂಟಕ್ಕೆ ಸಿಕ್ಕಿಸಬಹುದಾದ ನಾಗರಿಕನ ಮೇಲೆ ಅಷ್ಟೇ ಭರವಸೆ ಇಡುವುದು ಹೇಗೆ?

ನ್ಯೂಯಾರ್ಕ್ ನಗರದ ಪೊಲೀಸರು ಬೇರೆ ದಾರಿ ಹಿಡಿದರು. 1990ರ ದಶಕದಲ್ಲಿ ಪಿಸ್ತೂಲಿಗೆ ಬದಲಾದಾಗ ಹಗುರ ಟ್ರಿಗರನ್ನು ಅವರು ಒಪ್ಪಲಿಲ್ಲ. ಸ್ಪ್ರಿಂಗ್ ಬದಲಿಸಿ ಸುಮಾರು 12 ಪೌಂಡಿಗೆ, ಅಂದರೆ ರಿವಾಲ್ವರಿನಷ್ಟೇ ಭಾರಕ್ಕೆ, ಏರಿಸಿಕೊಂಡರು. ಬೆರಳನ್ನಷ್ಟೇ ನಂಬಲು ಅವರೂ ಸಿದ್ಧರಿರಲಿಲ್ಲ. ಆದರೆ ಆ ದಾರಿಗೆ ತನ್ನದೇ ಬೆಲೆಯಿತ್ತು. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಒಬ್ಬ ಕೊಲೆಗಾರನ ಮೇಲೆ ಇಬ್ಬರು ಪೊಲೀಸರು ಗುಂಡು ಹಾರಿಸಿದಾಗ, ಗುಂಡು ಮತ್ತು ಚೂರುಗಳು ತಗುಲಿ ದಾರಿಹೋಕರು ಒಂಬತ್ತು ಮಂದಿ ಗಾಯಗೊಂಡರು. ಗುರಿ ತಪ್ಪಲು ಆ ಬಿರುಸು ಟ್ರಿಗರ್ ಒಂದು ಕಾರಣ ಎಂದು ಹಲವು ತಜ್ಞರು ಬೊಟ್ಟು ಮಾಡಿದರು. ಭಾರದ ಟ್ರಿಗರ್ ಪ್ರತಿ ಗುಂಡಿಗೂ ಅಡ್ಡ ಬರುತ್ತದೆ. ಲಿವರ್ ಹಾಗಲ್ಲ, ಅದು ಒಮ್ಮೆ ತಡೆಯುತ್ತದೆ, ಬಿಡಿಸಿದ ಮೇಲೆ ಟ್ರಿಗರ್ ಹಗುರವಾಗಿ, ಗುರಿ ನೆಟ್ಟಗೆ ಇರಲು ಬಿಡುತ್ತದೆ. ಎರಡು ತಡೆಗಳಲ್ಲಿ ಒಂದನ್ನು ಆರಿಸಬೇಕೆಂದರೆ ನನ್ನ ಒಲವು ಲಿವರ್ ಕಡೆಗೆ. ಹೆಬ್ಬೆರಳಿಗೆ ಪಾಠ ಕಲಿಸಲು ಆಗುವುದೇ ಇಲ್ಲ ಎನ್ನುವವರು ಉದ್ದ ಟ್ರಿಗರಿನ ರಿವಾಲ್ವರ್ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಎರಡೂ ಬೇಡ ಎನ್ನುವವರ ಜೊತೆಗೆ ಮಾತ್ರ ನನ್ನ ಜಗಳ.

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ನಾಬ್ ಒತ್ತಿ ತಿರುಗಿಸಿದರಷ್ಟೇ ತಿರುಗುತ್ತದೆ, ಅದೂ ಒಂದು ಸೇಫ್ಟಿಯೇ. ಆದರೂ ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡುತ್ತೇವೆ. ನಾಬ್ ಮೇಲೆ ನಂಬಿಕೆ ಇಲ್ಲವೆಂದಲ್ಲ. ಒಂದು ತಪ್ಪಿದರೆ ಇನ್ನೊಂದು ಇರಲಿ ಎಂದು. ಬೆರಳಿನ ಶಿಸ್ತು ಮತ್ತು ಲಿವರ್ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂಬಂತೆ ಮಾತಾಡುವುದೇ ಈ ಚರ್ಚೆಯ ದೊಡ್ಡ ಎಡವಟ್ಟು.

ಆದರೆ ನನ್ನ ಮುಖ್ಯ ಆಕ್ಷೇಪ ಯಂತ್ರದ್ದಲ್ಲ, ನ್ಯಾಯದ್ದು. ಎರಡೂ ಬಗೆಯ ಪಿಸ್ತೂಲಿನಲ್ಲಿ ತಪ್ಪು ಆಗಬಹುದು. ಲಿವರ್ ಇರುವಲ್ಲಿ ಆಗುವ ತಪ್ಪು, ಬೇಕಾದಾಗ ಗುಂಡು ಹಾರದಿರುವುದು. ಇಲ್ಲದಿರುವಲ್ಲಿ ಆಗುವ ತಪ್ಪು, ಬೇಡವಾದಾಗ ಹಾರುವುದು. ಮೊದಲ ತಪ್ಪಿನ ಬೆಲೆ ತೆರುವವನು ಪಿಸ್ತೂಲು ಧರಿಸಲು ತಾನಾಗಿ ನಿರ್ಧರಿಸಿದವನು, ಮತ್ತು ಅವನು ಕಾಪಾಡಲು ಹೊರಟವರು. ಎರಡನೆಯ ತಪ್ಪಿನ ಬೆಲೆಯನ್ನು ಕೆಲವೊಮ್ಮೆ ಅವನ ತೊಡೆಯೇ ತೆರುತ್ತದೆ. ಆದರೆ ಗುಂಡು ಗೋಡೆ ತೂರಬಲ್ಲದು, ಹೋಟೆಲಿನ ಪಕ್ಕದ ಮೇಜಿನವರನ್ನು, ಚರ್ಚಿನ ಮುಂದಿನ ಬೆಂಚಿನವರನ್ನು ಮುಟ್ಟಬಲ್ಲದು. ಅಲ್ಲಿ ಕೂತವರನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ, ಪಕ್ಕದವನ ಸೊಂಟದಲ್ಲಿ ಪಿಸ್ತೂಲಿದೆ ಎಂಬುದು ಅವರಿಗೆ ಗೊತ್ತೂ ಇರುವುದಿಲ್ಲ. ತನ್ನ ಅರ್ಧ ಸೆಕೆಂಡಿನ ಅನುಕೂಲಕ್ಕಾಗಿ ಅಪಾಯವನ್ನು ಪಕ್ಕದವರ ಮೇಲೆ ಹೊರಿಸುವ ಹಕ್ಕು ಧರಿಸುವವನಿಗೆ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಎರಡರಲ್ಲಿ ಒಂದು ಅಪಾಯ ಉಳಿಯಲೇಬೇಕು ಎಂದಾದರೆ, ಅದು ಧರಿಸುವ ನಿರ್ಧಾರ ಮಾಡಿದವನ ಕಡೆ ಉಳಿಯಲಿ.

ಇಂಥ ಸಾವುಗಳು ಕಡಿಮೆ ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ ಉದ್ದೇಶವಿಲ್ಲದೆ ಹಾರಿದ ಗುಂಡಿನಿಂದ ಸಾಯುವವರು ವರ್ಷಕ್ಕೆ ಸುಮಾರು ಐನೂರು. ಒಟ್ಟು ಬಂದೂಕಿನ ಸಾವುಗಳು ನಲವತ್ತು ಸಾವಿರ ಮೀರುತ್ತವೆ. ಆ ದೊಡ್ಡ ಸಂಖ್ಯೆಯ ಮುಂದೆ ಈ ಲಿವರ್ ಚರ್ಚೆ ಚಿಕ್ಕದು ಎಂಬುದು ನಿಜ. ಆದರೂ ಆ ಐನೂರರಲ್ಲಿ ಮಕ್ಕಳಿದ್ದಾರೆ, ಗಾಯಗೊಂಡು ಉಳಿದವರು ಅದರ ಹಲವು ಪಟ್ಟು. ಆತ್ಮಹತ್ಯೆಯನ್ನೋ ಕೊಲೆಯನ್ನೋ ಲಿವರ್ ತಡೆಯಲಾರದು. ತಡೆಯಬಲ್ಲದ್ದನ್ನು ತಡೆಯಲಿ ಎನ್ನುವುದಷ್ಟೇ ನನ್ನ ಮಾತು. 2014ರ ಡಿಸೆಂಬರ್‌ನಲ್ಲಿ ಐಡಾಹೋ ರಾಜ್ಯದ ಹೇಡನ್‌ನ ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಿಂದ ಪಿಸ್ತೂಲು ತೆಗೆದು ಹಾರಿಸಿತು, ತಾಯಿ ಅಲ್ಲೇ ಸತ್ತಳು. ಮಗುವಿಗೆ ಎಟಕುವ ಚೀಲದಲ್ಲಿ ಪಿಸ್ತೂಲು ಇರಕೂಡದು ಎಂಬುದೇ ಅಲ್ಲಿ ಮೊದಲ ಮಾತು. ಲಿವರ್ ಬೀಗವಲ್ಲ, ಪುಟ್ಟ ಕೈಯೂ ಅದನ್ನು ಸರಿಸಬಹುದು. ಆದರೆ ಅದು ಗುಂಡಿಗೆ ಮುನ್ನ ಇನ್ನೊಂದು ಹೆಜ್ಜೆಯನ್ನು ಸೇರಿಸುತ್ತದೆ, ಆ ಹೆಜ್ಜೆಯಲ್ಲಿ ಯಾರಾದರೂ ನೋಡಿ ಕಿತ್ತುಕೊಳ್ಳುವ ಅವಕಾಶ ಇರುತ್ತದೆ. ಕಳ್ಳ ಪಿಸ್ತೂಲು ಕಸಿದುಕೊಂಡಾಗಲೂ ಇದೇ ಲಾಭ. ಪೊಲೀಸ್ ತರಬೇತುದಾರ, ಲೇಖಕ ಮಸಾದ್ ಅಯೂಬ್ ದಶಕಗಳಿಂದ ಇದನ್ನೇ ಬರೆಯುತ್ತ ಬಂದಿದ್ದಾರೆ: ಕಸಿದವನು ಟ್ರಿಗರ್ ಎಳೆದು, ಯಾಕೆ ಹಾರಲಿಲ್ಲ ಎಂದು ತಡಕಾಡುವ ಹೊತ್ತಿನಲ್ಲಿ ಪೊಲೀಸನ ಜೀವ ಉಳಿಯುತ್ತದೆ.

ಲಿವರ್ ಇದ್ದರೆ ಎಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಅದು ಏನನ್ನು ತಡೆಯುತ್ತದೆ ಎಂಬುದು ಮುಖ್ಯ. 1911ರ ಕೋಲ್ಟ್‌ನಲ್ಲಿ ಹೆಬ್ಬೆರಳಿನ ಸೇಫ್ಟಿ, ಕುದುರೆಯನ್ನು ಹಿಡಿದಿಟ್ಟ ಕೊಂಡಿಯನ್ನೇ ಅಲುಗದಂತೆ ಕಟ್ಟಿಹಾಕುತ್ತದೆ. ಈಚಿನ ಕೆಲವು ಪಿಸ್ತೂಲುಗಳಲ್ಲಿ ಅದು ಟ್ರಿಗರ್ ಚಲಿಸದಂತೆ ಮಾತ್ರ ನೋಡಿಕೊಳ್ಳುತ್ತದೆ. ಒಳಗಿನ ಕೊಂಡಿ ತಾನಾಗಿ ಜಾರಿದರೆ ಆ ಲಿವರ್ ಅಸಹಾಯಕ. ಸಿಗ್ ಸಾವರ್ ಕಂಪನಿಯ ಪಿ320 ಮಾದರಿಯ ಸುತ್ತ ನಡೆದಿರುವ ವ್ಯಾಜ್ಯಗಳು ಇದನ್ನು ನೆನಪಿಸುತ್ತವೆ. ನೆಲಕ್ಕೆ ಬಿದ್ದಾಗ ಗುಂಡು ಹಾರಬಹುದು ಎಂದು ಗೊತ್ತಾದ ಮೇಲೆ 2017ರಲ್ಲಿ ಕಂಪನಿ ಒಳಗಿನ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು. ಯಾರೂ ಮುಟ್ಟದೆಯೇ ಗುಂಡು ಹಾರಿತು ಎಂದು ಆಮೇಲೂ ಹಲವರು ಕೋರ್ಟಿಗೆ ಹೋಗಿದ್ದಾರೆ. ಕಂಪನಿ ಅದನ್ನು ಖಂಡಿತವಾಗಿ ಅಲ್ಲಗಳೆಯುತ್ತದೆ. ಕೆಲವು ಕಡೆ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿದೆ, ಕೆಲವು ದಾವೆಗಳು ಬಿದ್ದುಹೋಗಿವೆ. ಬದಲಿ ಭಾಗ ಕೊಡುವುದನ್ನು ಕಂಪನಿ ಸ್ವಯಂಪ್ರೇರಿತ ಸುಧಾರಣೆ ಎಂದು ಕರೆದದ್ದನ್ನು ಗಮನಿಸಬೇಕು. ಅಮೆರಿಕದಲ್ಲಿ ತೊಟ್ಟಿಲು, ಮಿಕ್ಸರ್, ಆಟಿಕೆಗಳ ಸುರಕ್ಷತೆ ನೋಡುವ ಗ್ರಾಹಕ ಸುರಕ್ಷತಾ ಆಯೋಗದ ಅಧಿಕಾರವ್ಯಾಪ್ತಿಯಿಂದ 1970ರ ದಶಕದಲ್ಲೇ ಸಂಸತ್ತು ಬಂದೂಕುಗಳನ್ನು ಹೊರಗಿಟ್ಟಿತು. ದೋಷವಿರುವ ಪಿಸ್ತೂಲನ್ನು ವಾಪಸ್ ಪಡೆಯಿರಿ ಎಂದು ಆ ಆಯೋಗ ಆದೇಶಿಸುವಂತಿಲ್ಲ. ಕಾನೂನು ಕೈಕಟ್ಟಿ ಕೂತಿರುವಾಗ, ಕೊಳ್ಳುವವನು ಏನು ಕೇಳುತ್ತಾನೆ ಎಂಬುದೇ ಕಂಪನಿಗಳನ್ನು ಬದಲಿಸಬಲ್ಲ ದೊಡ್ಡ ಶಕ್ತಿ.

ಇಲ್ಲೇ ಇನ್ನೊಂದು ವಿಚಿತ್ರ ಇದೆ. 2017ರಲ್ಲಿ ಅಮೆರಿಕದ ಸೇನೆ ತನ್ನ ಹೊಸ ಪಿಸ್ತೂಲು ಎಂ17 ಅನ್ನು ಆರಿಸಿದಾಗ ಹೆಬ್ಬೆರಳಿನ ಸೇಫ್ಟಿ ಕಡ್ಡಾಯವಾಗಿತ್ತು. ಎಫ್‌ಬಿಐ ಆರಿಸಿಕೊಂಡದ್ದು ಲಿವರ್ ಇಲ್ಲದ ಗ್ಲಾಕ್. ಸೇಫ್ಟಿ ಬೇಡವೆನ್ನುವವರು ಎಫ್‌ಬಿಐಯನ್ನು ಉದಾಹರಣೆ ಕೊಡುತ್ತಾರೆ. ಸೇನೆಯ ಬೇಡಿಕೆಗೆ ಅವರು ಕೊಡುವ ಕಾರಣ ಹೀಗಿದೆ: ಬಹುಪಾಲು ಸೈನಿಕರಿಗೆ ಪಿಸ್ತೂಲಿನ ತರಬೇತಿ ಕಡಿಮೆ, ದಿನವಿಡೀ ಅದನ್ನು ಧರಿಸಿ, ಬಿಚ್ಚಿ, ಒಪ್ಪಿಸಿ, ಮತ್ತೆ ಪಡೆದು ಓಡಾಡುತ್ತಾರೆ, ಹೊಡೆಯುವುದು ಅಪರೂಪ. ಆ ವಿವರಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಪಿಸ್ತೂಲು ಧರಿಸುವ ನಾಗರಿಕನ ವರ್ಣನೆಯೂ ಅದೇ ಅಲ್ಲವೇ? ಕ್ವಾಂಟಿಕೋದ ತರಬೇತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಪಳಗಿದ ಎಫ್‌ಬಿಐ ಅಧಿಕಾರಿಯನ್ನು ಅವನು ಹೋಲುವುದಿಲ್ಲ. ಹೋಲುವುದು ಆ ಸೈನಿಕನನ್ನು.

ತಾಂತ್ರಿಕವಾಗಿ ಇದು ಕಷ್ಟದ ಕೆಲಸವೂ ಅಲ್ಲ. ಸ್ಮಿತ್ ಆ್ಯಂಡ್ ವೆಸ್ಸನ್‌ನ ಶೀಲ್ಡ್, ಸಿಗ್‌ನ ಪಿ365 ಇವೆರಡೂ ಲಿವರ್ ಇರುವ ಹಾಗೂ ಇಲ್ಲದ ಎರಡು ರೂಪಗಳಲ್ಲಿ ಮಾರಾಟವಾಗುತ್ತಿವೆ. ಲಿವರ್ ಬೇಡವೆಂಬ ತತ್ವದ ಮೇಲೆಯೇ ಹೆಸರು ಮಾಡಿದ ಗ್ಲಾಕ್ ಕೂಡ ಸೇನೆಯ ಆ ಆಯ್ಕೆಯ ಸ್ಪರ್ಧೆಗೆ ಎರಡೂ ಬದಿಯಲ್ಲಿ ಹೆಬ್ಬೆರಳಿನ ಸೇಫ್ಟಿ ಇರುವ ಪಿಸ್ತೂಲನ್ನು ಮಾಡಿ ಒಪ್ಪಿಸಿತ್ತು. ಸೇನೆಗಾಗಿ ಮಾಡಿದ್ದನ್ನು ಅಂಗಡಿಗೂ ಕಳಿಸಲಿ, ಕೌಂಟರಿನಲ್ಲಿ ಮೊದಲು ಅದನ್ನೇ ತೋರಿಸಲಿ. ಬೇಡವೆನ್ನುವ ನುರಿತವರು ಬಾಯಿಬಿಟ್ಟು ಕೇಳಿ ಇನ್ನೊಂದನ್ನು ತೆಗೆದುಕೊಳ್ಳಲಿ. ಈಗ ಎಷ್ಟೋ ಕಡೆ ಇದು ತಿರುಗುಮುರುಗಾಗಿ ನಡೆಯುತ್ತಿದೆ: ಲಿವರ್ ಬೇಕೆಂದ ಹೊಸಬನಿಗೆ, ನಿಮಗೆ ಅಷ್ಟೂ ಧೈರ್ಯವಿಲ್ಲವೇ ಎಂಬ ನೋಟ ಎದುರಾಗುತ್ತದೆ. ಡಲ್ಲಾಸ್‌ನಲ್ಲೋ ಅಟ್ಲಾಂಟಾದಲ್ಲೋ ನಮ್ಮವರು ಯಾರಾದರೂ ಆ ಕೌಂಟರಿನ ಮುಂದೆ ನಿಂತಿದ್ದರೆ, ಆ ನೋಟಕ್ಕೆ ಅಂಜದೆ ಲಿವರ್ ಇರುವುದನ್ನೇ ಕೇಳಿ ಪಡೆಯಿರಿ, ಅದು ಕೊಂಡಿಯನ್ನು ಕಟ್ಟುತ್ತದೋ ಟ್ರಿಗರನ್ನಷ್ಟೇ ತಡೆಯುತ್ತದೋ ಎಂದು ವಿಚಾರಿಸಿ, ಖಾಲಿ ಪಿಸ್ತೂಲಿನಲ್ಲಿ ಹೆಬ್ಬೆರಳನ್ನು ಪಳಗಿಸಿಕೊಂಡ ಮೇಲೆಯೇ ಗುಂಡು ತುಂಬಿ.